ಫ್ರೀಕೋಡ್‌ಕ್ಯಾಂಪ್: ಎರಡು ಮಳೆಗಾಲ ಬಳಸಿ ನೋಡಿದ ಮೇಲೆ

ಕಾಲೇಜಿನಲ್ಲಿ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಒಂದಿಷ್ಟು ಕಲಿತು, ಆಮೇಲೆ ಮನೆ, ತೋಟ, ಮಕ್ಕಳು ಅಂತ ಬಿಟ್ಟವರು ನಮ್ಮ ಕೊಡಗಿನಲ್ಲಿ ತುಂಬಾ ಜನ ಇದ್ದಾರೆ. ಮತ್ತೆ ಶುರು ಮಾಡೋಣ ಅನ್ನಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಸೋಮವಾರಪೇಟೆ ಹತ್ತಿರ ಕಾಫಿ ತೋಟ ನೋಡಿಕೊಂಡು, ಬಿಡುವಿದ್ದಾಗ ಫ್ರೀಕೋಡ್‌ಕ್ಯಾಂಪಿನಲ್ಲಿ ವೆಬ್ ಕೋಡಿಂಗ್ ಕಲಿಯುತ್ತಿದ್ದೇನೆ.

ಕ್ವಿನ್ಸಿ ಲಾರ್ಸನ್ 2014ರಲ್ಲಿ ಶುರು ಮಾಡಿದ ತಾಣ ಇದು. ದೇಣಿಗೆಯ ಮೇಲೆ ನಡೆಯುತ್ತದೆ. ಪಾಠಕ್ಕೂ ದುಡ್ಡಿಲ್ಲ, ಸರ್ಟಿಫಿಕೇಟಿಗೂ ದುಡ್ಡಿಲ್ಲ. ಅದಕ್ಕಿಂತ ನನಗೆ ದೊಡ್ಡದು ಅನ್ನಿಸಿದ್ದು, ಇಲ್ಲಿ ಗಡುವು ಇಲ್ಲ.

ತೋಟದವರಿಗೆ ಇದು ಎಷ್ಟು ಮುಖ್ಯ ಅಂತ ಹೇಳಲೇಬೇಕು. ಅರೇಬಿಕಾ ಹಣ್ಣು ಕುಯ್ಯಲು ಶುರುವಾದರೆ ರೊಬಸ್ಟಾ, ಮೆಣಸು ಎಲ್ಲ ಮುಗಿಯುವವರೆಗೆ ಲ್ಯಾಪ್‌ಟಾಪ್ ತೆರೆಯಲು ಪುರುಸೊತ್ತಿಲ್ಲ. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕವಿದರೆ ಯಾರಿಗೆ ಪಾಠ ನೆನಪಾಗುತ್ತದೆ? ಅದಾದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಕೆಲಸ. ಹಿಂದೆ ದುಡ್ಡು ಕಟ್ಟಿ ಸೇರಿದ್ದ ಇನ್ನೊಂದು ಕೋರ್ಸಿನ ಅವಧಿ ಕೊಯ್ಲಿನ ನಡುವೆಯೇ ಮುಗಿದುಹೋಯಿತು. ಕೆಲಸ ಮುಗಿಸಿ ಬಂದು ನೋಡಿದರೆ ಲಾಗಿನ್ ಆಗಲೇ ಇಲ್ಲ. ಇಲ್ಲಿ ತಿಂಗಳುಗಟ್ಟಲೆ ಬಿಟ್ಟು ಬಂದರೂ ಮುಗಿಸಿದ ಪಾಠಗಳ ಟಿಕ್ ಗುರುತು ಹಾಗೇ ಇರುತ್ತದೆ.

ಟಿಕ್ ಇರುತ್ತದೆ, ಕಲಿತದ್ದು ತಲೆಯಲ್ಲಿ ಇರಬೇಕಲ್ಲ! ಅದಕ್ಕೆ ಒಂದು ರೂಢಿ ಮಾಡಿಕೊಂಡಿದ್ದೇನೆ. ಬಿಡುವ ಮುಂಚೆ ಕೋಡಿನ ಮೇಲ್ಗಡೆ ಕನ್ನಡದಲ್ಲೇ ಒಂದು ಕಾಮೆಂಟ್ ಬರೆದಿಡುತ್ತೇನೆ: ‘ಮೆನು ಮೊಬೈಲಿನಲ್ಲಿ ಕೂರುತ್ತಿಲ್ಲ, ಮೀಡಿಯಾ ಕ್ವೆರಿ ನೋಡು.’ (ಪರದೆಯ ಅಗಲಕ್ಕೆ ತಕ್ಕಂತೆ ಪುಟದ ವಿನ್ಯಾಸ ಬದಲಿಸುವ ಕೋಡು ಅದು.) ವಾಪಸ್ ಬಂದಾಗ ಅದನ್ನು ಓದಿ, ಹಿಂದಿನ ಒಂದು ಭಾಗ ಮತ್ತೆ ಮಾಡಿ ಮುಂದೆ ಹೋಗುತ್ತೇನೆ.

ಮರಳಿ ಬಂದವರಿಗೆ ಹೊಸತನ ಜಾಸ್ತಿ ಕಾಣುವುದು ಪುಟದ ಅಂದ, ಜೋಡಣೆ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ. ನಾವು ಕಲಿಯುವಾಗ ಎರಡು ಕಾಲಂ ಪಕ್ಕಪಕ್ಕ ನಿಲ್ಲಿಸಲು ಫ್ಲೋಟ್ ಹಾಕಿ, ಮತ್ತೆ ಅದನ್ನು ಕ್ಲಿಯರ್ ಮಾಡಿ ಪರದಾಡಬೇಕಿತ್ತು. ಈಗ ಪುಟದ ಭಾಗಗಳನ್ನು ಸುಲಭವಾಗಿ ಜೋಡಿಸಲು ಫ್ಲೆಕ್ಸ್‌ಬಾಕ್ಸ್ ಇದೆ, ಗ್ರಿಡ್ ಇದೆ. ಗ್ರಿಡ್ 2017ರಲ್ಲಿ ದೊಡ್ಡ ಬ್ರೌಸರುಗಳಿಗೆಲ್ಲ ಬಂತು. ಇಂಟರ್ನೆಟ್ ಎಕ್ಸ್‌ಪ್ಲೋರರಿಗಾಗಿ ಬೇರೆ ಕೋಡು ಬರೆಯುವ ಕಾಟವೂ ತಪ್ಪಿತು. ಮೈಕ್ರೋಸಾಫ್ಟ್ 2022ರಲ್ಲಿ ಅದನ್ನು ನಿಲ್ಲಿಸಿತು. ಹಳೇ ಜ್ಞಾನದಲ್ಲಿ ಟ್ಯಾಗು, ಲಿಂಕು, ಫಾರ್ಮು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಪುಟದ ವಿನ್ಯಾಸದ ಪಾಠವನ್ನು ಮಾತ್ರ ಮೊದಲಿಂದ ಓದಿ.

ನಾನು ಮಾಡಿದ ರೆಸ್ಪಾನ್ಸಿವ್ ವೆಬ್ ಡಿಸೈನ್ (ಫೋನು, ಲ್ಯಾಪ್‌ಟಾಪ್ ಎರಡಕ್ಕೂ ಹೊಂದುವ ಪುಟದ ವಿನ್ಯಾಸ) ಸರ್ಟಿಫಿಕೇಟಿಗೆ 5 ಪ್ರಾಜೆಕ್ಟ್ ಇದ್ದವು. ನಿಜವಾಗಿ ಕಲಿತದ್ದು ಅಲ್ಲೇ. ದಿನದ ಪಾಠಗಳಲ್ಲಿ ಹೆಜ್ಜೆ ತೀರ ಚಿಕ್ಕದು. ಹೇಳಿದ ಸಾಲು ಟೈಪ್ ಮಾಡಿದರೆ ಮುಂದಕ್ಕೆ ಹೋಗಬಹುದು, ಅರ್ಥವಾಗಲೇಬೇಕು ಅಂತಿಲ್ಲ. ಪ್ರಾಜೆಕ್ಟಿನಲ್ಲಿ ಪುಟ ಖಾಲಿ, ಯೋಚನೆ ನಮ್ಮದೇ. ಒಂದು ವಸ್ತುವನ್ನೋ ಸೇವೆಯನ್ನೋ ಪರಿಚಯಿಸುವ ಪುಟದ, ಅಂದರೆ ಲ್ಯಾಂಡಿಂಗ್ ಪೇಜ್ ಪ್ರಾಜೆಕ್ಟ್ ಮುಗಿಸಿದ ಧೈರ್ಯದಲ್ಲಿ ಅತ್ತಿಗೆಯ ಹೋಂಸ್ಟೇಗೆ ಕನ್ನಡದಲ್ಲಿ ಒಂದು ಪುಟ ಮಾಡಿದೆ.

ಪಾಠದಲ್ಲಿ ಇಲ್ಲದ್ದನ್ನು ಆ ಪುಟ ಕಲಿಸಿತು. ಇಂಗ್ಲಿಷಿಗೆ ಚೆನ್ನಾಗಿ ಕಾಣುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ‘ರಾಷ್ಟ್ರ’ದಂಥ ಪದದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರ (ಲೈನ್ ಹೈಟ್) 1.7ಕ್ಕೆ ಏರಿಸಿದೆ, ಓದಲು ಹಿತವಾಯಿತು. ನೋಟೊ ಸಾನ್ಸ್ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ನಮೂದಿಸುವುದನ್ನು ಮರೆಯಬೇಡಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರಿಗೆ ಯಾವ ಭಾಷೆಯಲ್ಲಿ ಓದಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ. ನಮ್ಮ ಭಾಷೆಯ ಪುಟ ಅಂದವಾಗಿ ಕಾಣಬೇಕು ಅನ್ನುವ ಆಸೆ ನನ್ನನ್ನು ಈ ಕಲಿಕೆಗೆ ಇನ್ನೂ ಹತ್ತಿರ ಮಾಡಿತು.

ಕೊರತೆಗಳೂ ಇವೆ. ಪಾಠ ಕನ್ನಡದಲ್ಲಿಲ್ಲ, ಇಂಗ್ಲಿಷ್ ಓದಲೇಬೇಕು. ವಿವರ ಸಾಲದ ಕಡೆ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಎಂಡಿಎನ್ ತಾಣ ತೆರೆದಿಟ್ಟುಕೊಳ್ಳಿ. ಒಂದೊಂದು ಟ್ಯಾಗಿಗೂ ಉದಾಹರಣೆ ಸಮೇತ ವಿವರಣೆ ಇದೆ. ಫೋನಿನಲ್ಲೂ ಪಾಠ ಮಾಡಬಹುದು, ಆದರೆ ಆವರಣ ಚಿಹ್ನೆಗಳನ್ನು ಹುಡುಕಿ ಹುಡುಕಿ ಸುಸ್ತಾಗುತ್ತದೆ. ಹಳೆಯದಾದರೂ ಸರಿ, ಒಂದು ಲ್ಯಾಪ್‌ಟಾಪ್ ಇರಲಿ.

ಜುಲೈ ಮಳೆಯಲ್ಲಿ ಕರೆಂಟು, ನೆಟ್ಟು ಎರಡೂ ಹೋಗುವುದು ಇಲ್ಲಿ ಹೊಸದಲ್ಲ. ಆಗ ಈ ತಾಣ ತೆರೆಯುವುದಿಲ್ಲ. ಅದಕ್ಕೇ ಕೋಡು ಬರೆಯುವ ವಿಎಸ್ ಕೋಡ್ ಅನ್ನುವ ತಂತ್ರಾಂಶ ಹಾಕಿಕೊಂಡು, ಪ್ರಾಜೆಕ್ಟುಗಳನ್ನು ನನ್ನ ಫೋಲ್ಡರಿನಲ್ಲೇ ಬರೆಯುತ್ತೇನೆ. ಎಚ್‌ಟಿಎಂಎಲ್ ಫೈಲು ಬ್ರೌಸರಿನಲ್ಲಿ ತೆರೆಯಲು ನೆಟ್ಟೇ ಬೇಡ ಅಲ್ವಾ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ.

ಮೂರ್ನಾಲ್ಕು ತಿಂಗಳಲ್ಲಿ ಕೆಲಸ ಹಿಡಿಯಲೇಬೇಕು ಅನ್ನುವವರಿಗೆ ಮೇಷ್ಟ್ರು ಎದುರಿಗಿರುವ ತರಗತಿಯೇ ವಾಸಿ. ಇಲ್ಲಿ ಬೆನ್ನು ಹತ್ತುವವರು ಯಾರೂ ಇಲ್ಲ. ಮನೆ ಕೆಲಸ, ತೋಟದ ಕೆಲಸದ ಮಧ್ಯೆ ಕಲಿಯುವವರಿಗೆ ಧಾರಾಳವಾಗಿ ಹೇಳುತ್ತೇನೆ, ಸೇರಿಕೊಳ್ಳಿ. ನಾನೀಗ ಪುಟಕ್ಕೆ ಚಟುವಟಿಕೆ ತರುವ ಜಾವಾಸ್ಕ್ರಿಪ್ಟ್ ಭಾಷೆಯ ಭಾಗದಲ್ಲಿದ್ದೇನೆ. ಅತ್ತಿಗೆಯ ಪುಟಕ್ಕೆ ರೂಮ್ ಬುಕ್ ಮಾಡುವ ಫಾರ್ಮ್ ಹಾಕಬೇಕು. ಕೊಯ್ಲು ಶುರುವಾಗುವ ಮುಂಚೆ ಆದರೆ ಒಳ್ಳೆಯದು, ಆಗದಿದ್ದರೆ ಹೂಮಳೆ ಕಳೆದ ಮೇಲೆ.