ದಾವಣಗೆರೆ ಲೋಕ ಅದಾಲತ್: ಆಕ್ಸಿಡೆಂಟ್ ಕೇಸಿನ ಆಸ್ಪತ್ರೆ ಖರ್ಚು ಕೈಗೆ ಬರುತ್ತಾ?

ಬರುತ್ತೆ, ಬಿಲ್ಲಿನ ಕಟ್ಟು ಸರಿಯಾಗಿದ್ದರೆ. ಹೆದ್ದಾರಿ 48ರಲ್ಲಿ ಪೆಟ್ಟು ತಿಂದು ಪರಿಹಾರದ ಕೇಸು ಹಾಕಿದವರಿಗೆ ಜಿಲ್ಲಾ ಕೋರ್ಟಿನ ಲೋಕ ಅದಾಲತ್, ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಅದಾಲತ್, ನಿಜಕ್ಕೂ ಒಳ್ಳೆಯ ದಾರಿ. ಫೀಸಿಲ್ಲ. ಇಲ್ಲಿ ರಾಜಿಯಾದರೆ ಅಪೀಲಿಲ್ಲ, ಇನ್ಶೂರೆನ್ಸ್ ಕಂಪನಿ ಹೈಕೋರ್ಟಿಗೆ ಎಳೆದಾಡುವ ಭಯವೂ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ, ಸಹಾಯವಾಣಿ 15100.

ಹಣ ಕೈತಪ್ಪುವುದು ಬಿಲ್ಲಿನಲ್ಲಿ. ಅಡ್ಮಿಟ್ ಆದಾಗ ತಲಾ 50,000ದ ಮೂರು ಅಡ್ವಾನ್ಸ್ ರಸೀದಿ, ಡಿಸ್ಚಾರ್ಜ್ ದಿನ 1,86,000ದ ಫೈನಲ್ ಬಿಲ್ ಇದೆ ಅಂದುಕೊಳ್ಳಿ. ಅಡ್ವಾನ್ಸ್ ಆ ಫೈನಲ್ ಬಿಲ್ಲಿನೊಳಗೇ ಸೇರಿರುತ್ತದೆ. ಎರಡನ್ನೂ ಕೂಡಿಸಿ 3,36,000 ಎಂದು ಪಟ್ಟಿ ಕೊಟ್ಟರೆ ಕಂಪನಿ ವಕೀಲರು ಅಲ್ಲೇ ಹಿಡಿಯುತ್ತಾರೆ. ಆಮೇಲೆ ನ್ಯಾಯವಾದ ಬಿಲ್ಲಿಗೂ ಅನುಮಾನ. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ಗಾಯಾಳುವಿನ ಹೆಸರು, ತಾರೀಖು ಇರಲಿ, ಹಿಂದೆ ಡಾಕ್ಟರ ಚೀಟಿ ಪಿನ್ ಆಗಿರಲಿ. ನುಣುಪು ಕಾಗದದ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆಗಿಡಿ. ಮೊದಲು ಚಿಗಟೇರಿ ಆಸ್ಪತ್ರೆಗೆ (ದಾವಣಗೆರೆಯ ಸರ್ಕಾರಿ ಜಿಲ್ಲಾಸ್ಪತ್ರೆ), ಅಲ್ಲಿಂದ ಖಾಸಗಿ ಆಸ್ಪತ್ರೆಗೆ ಹೋದವರು ಎರಡೂ ಕಡೆಯ ಕಾಗದ ಇಟ್ಟುಕೊಳ್ಳಲೇಬೇಕು. ನಡುವೆ ಒಂದು ದಿನದ ದಾಖಲೆ ಇಲ್ಲದಿದ್ದರೂ 'ಈ ಗಾಯ ಇದೇ ಅಪಘಾತದ್ದಾ?' ಎಂಬ ಪ್ರಶ್ನೆ ಏಳುತ್ತದೆ. ಆಂಬುಲೆನ್ಸ್, ಫಿಸಿಯೋಥೆರಪಿ ರಸೀದಿಯೂ ಸೇರಲಿ.

ಅದಾಲತ್ತಿನ ದುರ್ಬಲ ಜಾಗವೆಂದರೆ ಇಡಿಗಂಟಿನ ಮಾತು. ಕಂಪನಿಯವರು 'ಎಲ್ಲಾ ಸೇರಿ 4 ಲಕ್ಷ' ಅಂದಾಗ ದೊಡ್ಡದಾಗಿಯೇ ಕೇಳುತ್ತದೆ. ಆಸ್ಪತ್ರೆ, ಔಷಧಿ ಬಿಲ್ಲೇ 2,10,000 ಆಗಿದ್ದರೆ ಉಳಿಯುವುದು 1,90,000. ನೋವು, ಕೆಲಸ ತಪ್ಪಿದ ತಿಂಗಳ ದುಡಿಮೆ, ಜೊತೆಗಿದ್ದು ನೋಡಿಕೊಂಡವರ ಖರ್ಚು, ಅಂಗವೈಕಲ್ಯ ಎಲ್ಲಕ್ಕೂ ಅಷ್ಟೇ. ಕಾಲಿಗೆ ಪ್ಲೇಟು, ಸ್ಕ್ರೂ ಹಾಕಿದ್ದರೆ ಮುಂದೆ ತೆಗೆಸುವ ಆಪರೇಷನ್ನಿನ ಅಂದಾಜು ಖರ್ಚನ್ನು ಡಾಕ್ಟರಿಂದ ಬರೆಸಿಕೊಂಡೇ ಹೋಗಿ. ಅಪೀಲಿಲ್ಲ ಅನ್ನುವುದು ಗಾಯಾಳುವಿಗೂ ಅನ್ವಯ. ಅವಾರ್ಡ್, ಅಂದರೆ ಅದಾಲತ್ತಿನ ಅಂತಿಮ ಆದೇಶ, ಆದ ಮೇಲೆ ಆ ಆಪರೇಷನ್ನಿನ ದುಡ್ಡು ಕೇಳಲು ಬಾಗಿಲಿಲ್ಲ. ಅದಕ್ಕೇ ಚಿಕಿತ್ಸೆ ಇನ್ನೂ ನಡೆಯುತ್ತಿರುವವರು ಇಲ್ಲಿ ಕೂರುವುದು ಬೇಡ ಎನ್ನುತ್ತೇವೆ.

ಜಂಟಿ ಮೆಮೊಗೆ (ಎರಡೂ ಕಡೆಯವರು ಒಪ್ಪಿದ ರಾಜಿಯ ಪತ್ರ) ಸಹಿ ಹಾಕುವ ಮುಂಚೆ ಎರಡು ಸಾಲು ಹುಡುಕಿ: ಹಣ ಎಷ್ಟು ದಿನದೊಳಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ ಎಷ್ಟು. ಇಲ್ಲದಿದ್ದರೆ ಬರೆಸಿ. ಮೊತ್ತ ಒಪ್ಪಿಗೆಯಾಗದಿದ್ದರೆ ಕೇಸು ಮಾಮೂಲಿ ಕೋರ್ಟಿಗೆ ವಾಪಸ್, ನಷ್ಟವೇನಿಲ್ಲ. ಇನ್ನೂ ಪರಿಹಾರದ ಅರ್ಜಿಯನ್ನೇ ಹಾಕದವರು ಮಾತ್ರ ಅದಾಲತ್ ದಿನಕ್ಕೆ ಕಾಯಬಾರದು. ಮೋಟಾರು ವಾಹನ ಕಾಯ್ದೆಯಲ್ಲಿರುವ ಗಡುವು ಅಪಘಾತವಾದ ದಿನದಿಂದ 6 ತಿಂಗಳು.