ಎಸ್‌ಪಿ ರೋಡಿನ ರೇಟು, ಶಿವಮೊಗ್ಗದ ಗುತ್ತಿಗೆ: ಒಂದು ಅಡಿಕೆ ಮಂಡಿಯ ಲೆಕ್ಕ

ನಮ್ಮದು ಸಾಗರದಲ್ಲಿ ಅಡಿಕೆ ಮಂಡಿ. ಆರು ಕಂಪ್ಯೂಟರ್, ಎರಡು ಪ್ರಿಂಟರ್, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಒಂದು ಗೋಲ್ಡ್ ಲೈಸೆನ್ಸ್. ಇಷ್ಟಕ್ಕೆ ಐಟಿ ಅಂತ ಕರೆಯುವುದು ಸ್ವಲ್ಪ ಜಂಬವೇ. ಆದರೆ ಸೀಸನ್ನಿನಲ್ಲಿ ಇವು ನಿಂತರೆ ಮಂಡಿಯೇ ನಿಲ್ಲುತ್ತದೆ. ಒಳಗೆ ರೈತರು ಲೆಕ್ಕದ ಪಟ್ಟಿಗೆ ಕಾಯುತ್ತಾರೆ. ಹೊರಗೆ ಅಹಮದಾಬಾದಿಗೆ ಹೊರಟ ಲಾರಿ ಇ-ವೇ ಬಿಲ್ಲಿಗೆ, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿಗೆ, ಕಾಯುತ್ತದೆ. (ಫೋನಿನಲ್ಲೂ ಇ-ವೇ ಬಿಲ್ ಮಾಡಬಹುದು, ನಿಜ. ಒಮ್ಮೆ ಒಂದೇ ಬೆರಳಲ್ಲಿ ಮಾಡಿದ್ದೇನೆ. ಎರಡನೇ ಸಲ ಬೇಡ.)

ಈ ಕಂಪ್ಯೂಟರ್‌ಗಳನ್ನು ನಾವು ಎರಡು ರೀತಿಯಲ್ಲಿ ಸಾಕಿದ್ದೇವೆ. ಮೊದಲ ಮೂರು ವರ್ಷ ಯಾರು ಕಡಿಮೆ ಹೇಳಿದರೋ ಅವರ ಹತ್ತಿರ ಕೊಂಡೆವು. 2021ರಿಂದ ಶಿವಮೊಗ್ಗದ ಒಂದು ಸಣ್ಣ ಕಂಪನಿಗೆ ಇವನ್ನು ನೋಡಿಕೊಳ್ಳುವ ವರ್ಷದ ಗುತ್ತಿಗೆ ಕೊಟ್ಟಿದ್ದೇವೆ.

2018ರ ಅಕ್ಟೋಬರ್‌ನಲ್ಲಿ ಹಳೇ ಯಂತ್ರಗಳಿಂದ ಜಿಎಸ್‌ಟಿ ಲೆಕ್ಕ ಎಳೆಯಲಾಗದೆ ಐದು ಹೊಸದು ಬೇಕಾಯಿತು. ಶಿವಮೊಗ್ಗದವರು ಒಂದಕ್ಕೆ 36,000 ಹೇಳಿದರು. ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆ. ನಾಲ್ಕು ಅಂಗಡಿ ಸುತ್ತಿ, ಅದೇ ಪ್ರೊಸೆಸರ್, ಅದೇ ರ‍್ಯಾಮ್ 31,500ಕ್ಕೆ ತಂದೆ. 22,500 ರೂಪಾಯಿ ಉಳಿತಾಯ. ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ಅಂಗಡಿಯವರು ಮೋಸ ಮಾಡಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲು ಚೆನ್ನಾಗಿತ್ತು, ಬಿಲ್ ಸರಿಯಿತ್ತು. ದುಡ್ಡು ಕೈ ಬದಲಾದ ಕೂಡಲೇ ಅವರ ಕೆಲಸ ಮುಗಿಯಿತು, ಅಷ್ಟೇ. ನಾನೂ ಅದಕ್ಕಿಂತ ಜಾಸ್ತಿ ಕೇಳಿರಲಿಲ್ಲ.

2019ರ ಮೇ ತಿಂಗಳಲ್ಲಿ ಸಿಡಿಲು ಬಡಿಯಿತು. ಮಲೆನಾಡಿನಲ್ಲಿ ಮಳೆಗಾಲದ ಮುಂಚಿನ ಗುಡುಗು ಹೇಗಿರುತ್ತದೆ ಅಂತ ಗೊತ್ತಲ್ಲ. ಎರಡು ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಕೊಡುವ ಡಬ್ಬಿ), ಒಂದು ಮದರ್‌ಬೋರ್ಡ್ ಸುಟ್ಟುಹೋದವು. ಫೋನ್ ಮಾಡಿದರೆ, "ತಂದುಕೊಡಿ ಸಾರ್, ನೋಡೋಣ. ಸಿಡಿಲಿಗೆ ವಾರಂಟಿ ಬರಲ್ಲ" ಅಂದರು. ಅದೂ ನಿಜವೇ. ಊರಿನ ಹುಡುಗನ ಕೈಲಿ ಬೋರ್ಡ್ ಹಾಕಿಸಿದರೆ ವಿಂಡೋಸ್ ಮತ್ತೆ ಲೈಸೆನ್ಸ್ ಕೇಳಿತು. ಹೊಸ ಯಂತ್ರದ ಜೊತೆಗೇ ಬರುವ, ಒಇಎಂ ಅನ್ನುವ ಲೈಸೆನ್ಸ್ ಬೋರ್ಡಿಗೇ ಅಂಟಿಕೊಂಡಿರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಸುಟ್ಟಿದ್ದು ಟ್ಯಾಲಿ ಇದ್ದ ಯಂತ್ರ. ಬ್ಯಾಕಪ್ ಇತ್ತು, ಆದರೆ ಅದೇ ಡಿಸ್ಕಿನ ಡಿ ಡ್ರೈವ್‌ನಲ್ಲಿ! ಡಿಸ್ಕ್ ಉಳಿದದ್ದು ಬರೀ ಅದೃಷ್ಟ. ಐದು ದಿನ ಕೈಬರಹದ ಪಟ್ಟಿ ಕೊಟ್ಟೆವು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಮರುವರ್ಷ ಪ್ರಿಂಟರ್ ಕೊಳ್ಳುವಾಗ 600 ರೂಪಾಯಿ ಕಡಿಮೆ ಅಂತ ಇನ್ನೊಂದು ಅಂಗಡಿಗೆ ಹೋದೆ. ಪ್ರತಿ ಸಲವೂ ಕಥೆ ಮೊದಲಿನಿಂದ ಶುರು. ಯಾವ ವಿಂಡೋಸ್, ಎಷ್ಟು ಯಂತ್ರ, ಟ್ಯಾಲಿ ಯಾವುದರಲ್ಲಿದೆ. ನಮ್ಮ ಆಫೀಸನ್ನು ನೆನಪಿಟ್ಟುಕೊಂಡವರು ಒಬ್ಬರೂ ಇರಲಿಲ್ಲ. ಅಪ್ಪ ಒಂದು ದಿನ ಹೇಳಿದರು: "ಮುಂಗಡ ತಗೊಂಡ ರೈತ ನಾಲ್ಕು ಕಾಸು ಜಾಸ್ತಿ ಸಿಗತ್ತೆ ಅಂತ ಮನೆ ಬಾಗಿಲಿಗೆ ಬಂದವನಿಗೆ ಅಡಿಕೆ ಹಾಕಿದರೆ ನೀನು ಬೈತೀಯ. ನೀನು ಮಾಡ್ತಿರೋದೂ ಅದೇ ಅಲ್ವಾ?"

2021ರಲ್ಲಿ ಅದೇ ಶಿವಮೊಗ್ಗದವರ ಹತ್ತಿರ ಹೋದೆವು. ವರ್ಷಕ್ಕೆ 24,000, ಮೇಲೆ ಶೇ 18 ಜಿಎಸ್‌ಟಿ. ಮೊದಲ ದಿನ ಬಂದ ಹುಡುಗ ಏನನ್ನೂ ಮಾರಲಿಲ್ಲ. ಮಲ್ಟಿಮೀಟರ್ ತೆಗೆದು ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದ. ಎರಡು-ಮೂರು ವೋಲ್ಟ್ ಒಳಗೆ ಇರಬೇಕಾದದ್ದು 18 ತೋರಿಸಿತು. "ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಯಜಮಾನ್ರೇ, ಯುಪಿಎಸ್ ಆಮೇಲೆ" ಅಂದ. ನಮ್ಮದು ಜಂಬಿಟ್ಟಿಗೆ ಮಣ್ಣು, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೂತಿತ್ತು. ಅರ್ಥಿಂಗ್ ಸರಿ ಇಲ್ಲದಿದ್ದರೆ, ವೋಲ್ಟೇಜ್ ದಿಢೀರ್ ಏರಿದಾಗ ಯಂತ್ರ ಕಾಯುವ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ. ಅಪ್ಪ ಈಗ ಮಾರ್ಚ್ ಬಂತೆಂದರೆ ತುಳಸಿ ಕಟ್ಟೆಯ ಜೊತೆಗೆ ಆ ಗುಂಡಿಗೂ ಒಂದು ಕೊಡ ನೀರು ಹಾಕುತ್ತಾರೆ.

ಹುಡುಗನ ಎರಡನೇ ಪ್ರಶ್ನೆ, "ಬ್ಯಾಕಪ್ ಎಲ್ಲಿದೆ?" ನಾನು ಡಿ ಡ್ರೈವ್ ತೋರಿಸಿದೆ. ಪಾಪ, ನಗಲಿಲ್ಲ. ಈಗ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು ತೋರಿಸುತ್ತಾರೆ. ನಮ್ಮ ಖಾತೆಯ ಕೊನೆಯ ಸಾಲು ಕಣ್ಣಿಗೆ ಬೀಳುವವರೆಗೆ ನಾನು ರಿಜಿಸ್ಟರಿಗೆ ಸಹಿ ಹಾಕುವುದಿಲ್ಲ. ಅಪ್‌ಡೇಟ್ ಹಾಕುವುದೂ ಅವರದೇ ಕೆಲಸ. 2017ರ ಮೇನಲ್ಲಿ ವನ್ನಾಕ್ರೈ ವೈರಸ್ ಜಗತ್ತನ್ನೇ ಅಲ್ಲಾಡಿಸಿದಾಗ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಎಷ್ಟೋ ಕಡೆ ಹಾಕುವವರು ಇರಲಿಲ್ಲ, ಅಷ್ಟೇ.

ಇನ್ನು ದುಡ್ಡಿನ ಮಾತು. ಬರೀ ಕಾಗದದ ಲೆಕ್ಕದಲ್ಲಿ ಗುತ್ತಿಗೆ ಸೋಲುತ್ತದೆ. ರಿಪೇರಿ, ಬಸ್ಸು, ಪಾರ್ಸೆಲ್ ಎಲ್ಲ ಸೇರಿಸಿದರೂ ಮೊದಲ ಮೂರು ವರ್ಷ ನನಗೆ ವರ್ಷಕ್ಕೆ 24,000 ಖರ್ಚಾಗಿರಲಿಲ್ಲ. ಗೆಲ್ಲುವುದು ದಿನಗಳ ಲೆಕ್ಕದಲ್ಲಿ. ಮೊದಲ ಮೂರು ವರ್ಷದಲ್ಲಿ ಬಿಲ್ಲಿಂಗ್ ನಿಂತದ್ದು 11 ದಿನ. ಆಮೇಲೆ ನಾಲ್ಕು ವರ್ಷದಲ್ಲಿ ಒಂದೂವರೆ ದಿನ.

ಆದರೂ ನನ್ನ ಮನಸ್ಸು ಪೂರ್ತಿ ಬದಲಾದದ್ದು ಕಳೆದ ವರ್ಷ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ನಮ್ಮ ಯಂತ್ರಗಳು ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತ ಪರದೆಯೇ ಹೇಳುತ್ತಿತ್ತು. ಸುಮ್ನೆ ಹೊರಗೆ ರೇಟು ಕೇಳಿದೆ. ಆರು ಹೊಸ ಯಂತ್ರ, 2.4 ಲಕ್ಷ ಅಂದರು. ಗುತ್ತಿಗೆಯವರು ಬಂದು ನೋಡಿದರು. ಐದರಲ್ಲೂ ಇದ್ದದ್ದು ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11 ಕೇಳುವುದೇ ಅಲ್ಲಿಂದ. ಟಿಪಿಎಂ ಅನ್ನುವ ಭದ್ರತೆಯ ಭಾಗ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ಆಫ್ ಆಗಿತ್ತು, ಆನ್ ಮಾಡಿದರು. ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರು. ಒಟ್ಟು 12,500. ತೂಕದ ಯಂತ್ರಕ್ಕೆ ಜೋಡಿಸಿದ ಆರನೆಯದು ತೀರಾ ಹಳೇದು. ಅದರ ನೆಟ್ ಕೇಬಲ್ ಕಿತ್ತು ಕೈಗೆ ಕೊಟ್ಟು, "ಇದು ತೂಕ ಒಂದೇ ನೋಡಲಿ" ಅಂದರು.

ಅವರೇನು ಸಂತರಲ್ಲ. ನಮ್ಮ ಯಂತ್ರ ಕೆಟ್ಟರೆ ಮಾರುವವನಿಗೆ ವ್ಯಾಪಾರ. ಇವರಿಗೆ 70 ಕಿಲೋಮೀಟರ್ ಬೈಕಿನ ಪೆಟ್ರೋಲು, ಅದೂ ಸ್ವಂತ ಜೇಬಿನಿಂದ. ಹಾಗಾಗಿ ಕೆಡದೇ ಇರಲಿ ಅಂತ ನಮಗಿಂತ ಜಾಸ್ತಿ ಬೇಡಿಕೊಳ್ಳುವವರು ಅವರೇ.

ಗುತ್ತಿಗೆಯಲ್ಲಿ ಕಿರಿಕಿರಿ ಇಲ್ಲ ಅನ್ನಲಾರೆ. 2023ರಲ್ಲಿ ನಮ್ಮಲ್ಲಿಗೆ ಬರುತ್ತಿದ್ದ ಅವರ ಹುಡುಗ ಕೆಲಸ ಬಿಟ್ಟ. ರೂಟರ್ ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ಮಂಡಿಯ ಇಮೇಲ್ ಡೊಮೇನ್ ಅವರ ಕಂಪನಿಯ ಹೆಸರಲ್ಲಿತ್ತು. ಅದನ್ನು ನಮ್ಮ ಹೆಸರಿಗೆ ಮಾಡಿಸಲು ಎರಡು ವಾರ ಜಗಳವಾಡಬೇಕಾಯಿತು. ಹೊಸ ಕರಾರಿನಲ್ಲಿ ಬರೆಸಿದ್ದೇವೆ: ಪಾಸ್‌ವರ್ಡ್ ಪುಸ್ತಕ ನಮ್ಮ ತಿಜೋರಿಯಲ್ಲಿ, ಬದಲಿಸಿದ ಡಿಸ್ಕ್ ನಮಗೇ ವಾಪಸ್, ಸೀಸನ್ನಿನಲ್ಲಿ ನಾಲ್ಕು ಗಂಟೆಯೊಳಗೆ ಹಾಜರು, ಬೇಡವಾದರೆ 30 ದಿನದ ನೋಟಿಸು. ನೀವು ಗುತ್ತಿಗೆ ಮಾಡಿಕೊಳ್ಳುವುದಾದರೆ ಇದನ್ನು ಮೊದಲ ದಿನವೇ ಬರೆಸಿ.

ಕೀಬೋರ್ಡ್, ಮೌಸ್, ಟೋನರ್ ಈಗಲೂ ಎಲ್ಲಿ ಅಗ್ಗವೋ ಅಲ್ಲೇ. ಸಿಸಿಟಿವಿಗೆ ಇವರ ರೇಟು ತೀರಾ ಜಾಸ್ತಿ ಅನಿಸಿ ಹೊರಗೆ ಕೊಂಡೆವು. ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ಒಂದೇ ಲ್ಯಾಪ್‌ಟಾಪ್ ಇಟ್ಟುಕೊಂಡ ಟೈಲರ್ ಅಂಗಡಿಗೆ ಇಂಥ ಗುತ್ತಿಗೆ ದಂಡ, ಒಂದು ಒಳ್ಳೆ ಪೆನ್‌ಡ್ರೈವ್ ಸಾಕು.

ಈ ಸಲ ಕರಾರು ಮುಗಿದಾಗ 28,000 ಕೇಳಿದರು. ಅಪ್ಪ ಅಡಿಕೆ ಧಾರಣೆಗೆ ಕೂತ ಹಾಗೆ ಕೂತರು. ಎರಡು ಲೋಟ ಕಾಫಿ ಆದಮೇಲೆ 26,000ಕ್ಕೆ ಇಳಿಯಿತು, ಮೇಲೊಂದು ಬದಲಿ ರೂಟರ್ ನಮ್ಮ ಕಪಾಟಿನಲ್ಲೇ ಇಡುವುದು ಅಂತಾಯಿತು. ಮೊದಲ ಗುಡುಗಿಗೇ ಹಳೇ ರೂಟರ್ ಹೋಯಿತು. ಅವರು ಫೋನಿನಲ್ಲಿ ಹೇಳುತ್ತಾ ಹೋದ ಹಾಗೆ ನಾನೇ ಹೊಸದಕ್ಕೆ ಕೇಬಲ್ ಚುಚ್ಚಿದೆ. ಹದಿನೈದು ನಿಮಿಷದಲ್ಲಿ ಲಾರಿ ಹೊರಟಿತು.