ಎರಡು ಮಳೆಗಾಲ ಕಂಡ ಹೊಸ ಸರ್ವರ್‌ಗಳು: ಫ್ಯಾನ್ ಒಂದು ಬಿಟ್ಟು ಉಳಿದದ್ದೆಲ್ಲ ಸರಿ

ಸ್ಪೆಸಿಫಿಕೇಶನ್ ಎಲ್ಲ ನೋಡಿಯೇ ಬಂದಿರುತ್ತೀರಿ, ಹಾಗಾಗಿ ಕೋರ್ (ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕ) ಎಷ್ಟು, ಕ್ಯಾಶ್ ಮೆಮೊರಿ ಎಷ್ಟು ಎಂಬ ಪುರಾಣ ಬೇಡ. ಮಂಗಳೂರಿನಲ್ಲಿ ನಮ್ಮದು ಅಡಿಕೆ, ಕಾಳುಮೆಣಸಿನ ವಹಿವಾಟಿನ ಆಫೀಸು. 2013ರ ಕಾಲದ ಇಂಟೆಲ್ ಝಿಯಾನ್ ಇ5-2650 ವಿ2 ಪ್ರೊಸೆಸರ್ ಜೋಡಿಗಳಿದ್ದ ಮೂರು ಸರ್ವರ್ ಇಳಿಸಿ, ಎಎಂಡಿ ಎಪಿಕ್ 7313ಪಿ ಪ್ರೊಸೆಸರ್ ಇರುವ ಎರಡು 1ಯು (ಸರ್ವರ್ ಕಪಾಟಿನ ಒಂದೇ ಅಂತಸ್ತಿನಷ್ಟು ತೆಳ್ಳಗಿನ) ಸರ್ವರ್‌ಗಳನ್ನು ರ‍್ಯಾಕ್‌ಗೆ ಏರಿಸಿದೆವು.

ಧಣಿಗಳಿಂದ ದುಡ್ಡು ಬಿಡುಗಡೆ ಮಾಡಿಸಿದ್ದು ವೇಗದ ಹೆಸರಿನಲ್ಲಿ. ವೇಗ ಬಂತು, ಸುಳ್ಳಲ್ಲ. ತಿರುಗುವ ಡಿಸ್ಕ್ ಹೋಗಿ ಚಿಪ್ಪಿನಲ್ಲೇ ಡೇಟಾ ಇಡುವ ಎನ್‌ವಿಎಂಇ ಬಂದ ಮೇಲೆ, ಬೆಳಗಿನವರೆಗೆ ಎಳೆಯುತ್ತಿದ್ದ ಬ್ಯಾಕಪ್ ಈಗ ನಡುರಾತ್ರಿಗೆ ಮೊದಲೇ ಮುಗಿದಿರುತ್ತದೆ. ಆದರೆ ಅದನ್ನು ಗಮನಿಸಿದವನು ನಾನೊಬ್ಬನೇ. ಅಕೌಂಟ್ಸ್‌ನವರಿಗೆ ಬಿಲ್ ಪ್ರಿಂಟ್ ಆದರೆ ಆಯಿತು.

ನನಗೆ ನಿಜವಾದ ಖುಷಿ ಕೊಟ್ಟದ್ದು ಕರೆಂಟ್. ದಿನಾ ಬೆಳಿಗ್ಗೆ ಸರ್ವರ್ ರೂಮಿನ ಬಾಗಿಲು ತೆಗೆದು ಮೊದಲು ನೋಡುವುದು ಪಿಡಿಯು (ಸರ್ವರುಗಳಿಗೆ ಕರೆಂಟ್ ಹಂಚುವ ಪಟ್ಟಿ) ಮೀಟರ್, ಆಮೇಲೆ ಎಸಿಯ ನೀರು ಬಕೆಟಿಗೆ ಸರಿಯಾಗಿ ಬೀಳುತ್ತಿದೆಯೇ ಎಂದು. ಲಾಗ್ ಎಲ್ಲ ಆಮೇಲೆ. ಮೊದಲು 750 ವ್ಯಾಟ್ ಆಸುಪಾಸು ತೋರಿಸುತ್ತಿದ್ದ ಮೀಟರ್ ಈಗ 450ರಲ್ಲಿದೆ. ಹಗಲೂ ರಾತ್ರಿ 300 ವ್ಯಾಟ್ ಉಳಿದರೆ ವರ್ಷಕ್ಕೆ ಎರಡೂವರೆ ಸಾವಿರ ಯೂನಿಟ್ ಮೀರುತ್ತದೆ. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 20 ಸಾವಿರ ದಾಟಿತು. ಅಷ್ಟು ಬಿಸಿಯನ್ನು ಹೊರಹಾಕುವ ಎಸಿಯ ಖರ್ಚು ಬೇರೆ.

ಜೂನ್ ತಿಂಗಳ ಗುಡುಗಿಗೆ ಕರೆಂಟ್ ಹೋದಾಗ ಇನ್ನೊಂದು ಲಾಭ ಕಂಡಿತು. ಮುಕ್ಕಾಲು ಗಂಟೆಗೇ ಕೈಯೆತ್ತುತ್ತಿದ್ದ ಅದೇ ಯುಪಿಎಸ್ ಬ್ಯಾಟರಿಗಳು ಈಗ ಒಂದೂವರೆ ಗಂಟೆ ಎಳೆಯುತ್ತವೆ. ಲೆಡ್-ಆಸಿಡ್ ಬ್ಯಾಟರಿಯನ್ನು ನಿಧಾನಕ್ಕೆ ಹೀರಿದಷ್ಟೂ ಅದು ಹೆಚ್ಚು ಕೊಡುತ್ತದೆ. ಲೋಡ್ ಇಳಿದ ಲೆಕ್ಕಕ್ಕಿಂತ ಬ್ಯಾಕಪ್ ಸಮಯ ಹೆಚ್ಚಾದದ್ದು ಅದಕ್ಕೇ. ಜನರೇಟರ್ ಸ್ಟಾರ್ಟ್ ಮಾಡಲು ರಾತ್ರಿ ಕೊಡೆ ಹಿಡಿದು ಓಡುವುದು ತಪ್ಪಿದೆ. ದೂರದಿಂದಲೇ ಸರ್ವರಿನ ಪರದೆ ನೋಡುವ ರಿಮೋಟ್ ಕನ್ಸೋಲ್ ಕೂಡ ಬ್ರೌಸರಿನಲ್ಲೇ ತೆರೆಯುತ್ತದೆ. ಹಳೆಯದಕ್ಕೆ ಜಾವಾ ಬೇಕಿತ್ತು, ಅದಕ್ಕೆಂದೇ ವಿಂಡೋಸ್ 7 ಇರುವ ಲ್ಯಾಪ್‌ಟಾಪ್ ಒಂದನ್ನು ಡ್ರಾಯರಿನಲ್ಲಿ ಸಾಕಿದ್ದೆ.

ವಿಂಡೋಸ್ ಸರ್ವರ್ ಲೈಸೆನ್ಸ್ ಕೋರ್ ಲೆಕ್ಕದಲ್ಲಿ, ಸರ್ವರ್ ಒಂದಕ್ಕೆ ಕನಿಷ್ಠ 16 ಕೋರ್. ಅದನ್ನು ನೋಡಿಯೇ 16 ಕೋರಿನದು ಆರಿಸಿದ್ದು. 48 ಕೋರಿಗೆ ಕಟ್ಟಬೇಕಿದ್ದದ್ದು 32ಕ್ಕೆ ಇಳಿಯಿತು. 32 ಕೋರಿನ ಚಿಪ್‌ಗೆ ಆಸೆಪಡುವವರು ಮೊದಲು ಈ ಗುಣಾಕಾರ ಮಾಡಿ ನೋಡಿ.

ಇನ್ನು ಫ್ಯಾನ್. 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ ಸರ್ವರ್ ಕಂಪನಿ ಹೇಳಿದ ರೇಟು ಕೇಳಿ ತಲೆ ತಿರುಗಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೇರೆ ಬ್ರ್ಯಾಂಡಿನದು ತಂದು ಹಾಕಿದೆ. ಕಾರ್ಡಿನ ತಪ್ಪೇನಿಲ್ಲ, ಚೆನ್ನಾಗಿ ಓಡುತ್ತದೆ. ಆದರೆ ಅದರ ಬಿಸಿ ಎಷ್ಟೆಂದು ಸರ್ವರಿಗೆ ತಿಳಿಯದು. ತಿಳಿಯದಿದ್ದರೆ ಫ್ಯಾನ್‌ಗಳನ್ನೆಲ್ಲ ಜೋರಾಗಿ ತಿರುಗಿಸು ಎಂದು ಸರ್ವರಿನೊಳಗೇ ಇರುವ ಮೂಲ ಸಾಫ್ಟ್‌ವೇರಾದ ಫರ್ಮ್‌ವೇರಿನಲ್ಲಿ ಬರೆದಿಟ್ಟಿದ್ದಾರೆ. 1ಯು ಪೆಟ್ಟಿಗೆಯ ಪುಟ್ಟ ಫ್ಯಾನ್‌ಗಳು ಕಣಜದ ಗೂಡಿಗೆ ಕಲ್ಲು ಬಿದ್ದಂತೆ ಕಿರುಚಿದವು. ಗೋಡೆಯಾಚೆ ಕೂರುವ ಕ್ಯಾಷಿಯರ್ ಮೇಡಂ, "ಏನಿದು ಮಾರಾಯ್ರೇ, ಫೋನಿನಲ್ಲಿ ಮಾತಾಡಲಿಕ್ಕೇ ಆಗುವುದಿಲ್ಲ" ಎಂದು ಬೈದರು.

ಸದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ವಿದ್ಯುತ್ ಸುಮಾರು ಎಂಟು ಪಟ್ಟು. ಕಾರ್ಡ್ ಹಾಕುವ ಮೊದಲು 380ಕ್ಕೆ ನಿಂತಿದ್ದ ನಮ್ಮ ಮೀಟರ್ ಈಗಿನ 450ಕ್ಕೆ ಏರಿದ್ದು ಹೀಗೆ. ಫ್ಯಾನ್ ವೇಗ ಇಳಿಸುವ ಐಪಿಎಂಐ (ಸರ್ವರನ್ನು ದೂರದಿಂದ ನಿಭಾಯಿಸುವ ವ್ಯವಸ್ಥೆ) ಕಮಾಂಡ್ ಒಂದಿತ್ತು, ಫರ್ಮ್‌ವೇರ್ ಅಪ್‌ಡೇಟ್ ಅದಕ್ಕೂ ಬೀಗ ಹಾಕಿತು. ಹಿಂದಿನ ಫರ್ಮ್‌ವೇರಿಗೆ ಮರಳೋಣವೆಂದರೆ ಸೆಕ್ಯುರಿಟಿ ಪ್ಯಾಚ್ ಹೋಗುತ್ತದೆ. ಸಪೋರ್ಟಿಗೆ ಫೋನ್ ಮಾಡಿದರೆ "ನಮ್ಮದೇ ಕಾರ್ಡ್ ಹಾಕಿ ಸರ್" ಎಂಬ ಒಂದೇ ರಾಗ.

ಐದರಲ್ಲಿ ನಾಲ್ಕು ಸ್ಟಾರ್. ಕಡಿಮೆ ಮಾಡಿದ ಆ ಒಂದು ಸ್ಟಾರ್ ಪೂರ್ತಿ ಫ್ಯಾನಿನ ಲೆಕ್ಕಕ್ಕೆ. ಪ್ರತ್ಯೇಕ ಸರ್ವರ್ ರೂಮ್ ಇಲ್ಲದವರು ದುಪ್ಪಟ್ಟು ಎತ್ತರದ 2ಯು ತೆಗೆದುಕೊಳ್ಳಿ, ಅದರ ಫ್ಯಾನ್ ದೊಡ್ಡದು, ಸದ್ದು ಕಡಿಮೆ. ಕಾರ್ಡಿನ ರೇಟನ್ನು ಮೊದಲ ಕೊಟೇಶನ್ನಿನಲ್ಲೇ ಸೇರಿಸಿ ಚೌಕಾಶಿ ಮಾಡಿ, ಆಮೇಲೆ ಯಾರೂ ಇಳಿಸುವುದಿಲ್ಲ. ನಮ್ಮಲ್ಲಿ ಒಂದು ಸರ್ವರಿಗೆ ಕಂಪನಿಯ ಕಾರ್ಡ್ ಮಂಜೂರಾಗಿದೆ. ಇನ್ನೊಂದಕ್ಕೆ ಮಾರ್ಚ್ ಕಳೆಯಲಿ ಎಂದಿದ್ದಾರೆ ಧಣಿಗಳು.